ಮರಳುದಿಬ್ಬಕ್ಕೆ ಆಕಾರ ಕೊಡುವವರು ಯಾರು?

ಹೋದ ಸಂಚಿಕೆಯಲ್ಲಿ ತಲಕಾಡಿನ ಮರಳಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿ ಈ ಸಲದ ಅಂಕಣವನ್ನು ಪೂರ್ತಿ ಮರಳಿಗೇ ಬಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ನಮ್ಮಮ್ಮನ ತವರು ಟಿ. ನರಸೀಪುರದ ಕಡೆ. ಹಾಗಾಗಿ ಕಾವೇರಿ ದಡದ ಮರಳು ನನಗೆ ಚಿಕ್ಕಂದಿನಿಂದ ಪರಿಚಯ.

ಪ್ರಶ್ನೆ: ಮೇಡಂ, ತಲಕಾಡಿಗೆ ಹೋಗಿದ್ದೆವು. ಮರಳು ಊರನ್ನೇ ನುಂಗಿತು ಅಂತ ಗೈಡ್ ಹೇಳಿದರು. ಆದರೆ ಈಗ ಎಲ್ಲೂ ಮರಳು ಹಾರುವುದು ಕಾಣಲಿಲ್ಲ. ಅಲಮೇಲಮ್ಮನ ಶಾಪ ತೀರಿತಾ? ಅಥವಾ ಮರಗಳು ತಡೆದವಾ? ಕಡ್ಡಿಯಂಥ ಸರ್ವೆ ಮರ ಅಷ್ಟು ದೊಡ್ಡ ದಿಬ್ಬವನ್ನು ಹೇಗೆ ತಡೆಯುತ್ತೆ?
— ಗೃಹಿಣಿ, ಚನ್ನಪಟ್ಟಣ

ಉತ್ತರ: ‘ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ’ ಅನ್ನುವ ಶಾಪದ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಕಾಲಕ್ಕೆ ಸೇರಿದ ಕಥೆ ಅದು. ಶಾಪವನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ಆ ಸಾಲಿನಲ್ಲಿ ಹೊಳೆಯ ಸ್ವಭಾವ ಎಷ್ಟು ಸರಿಯಾಗಿ ಕೂತಿದೆ ನೋಡಿ. ಕಾವೇರಿ ಅಲ್ಲಿ ದೊಡ್ಡದಾಗಿ ತಿರುಗುತ್ತಾಳೆ. ತಿರುವಿನ ಒಳಬದಿಯಲ್ಲಿ ನೀರು ನಿಧಾನ, ಅಲ್ಲಿ ಮರಳು ಕೂರುತ್ತದೆ. ಹೊರಬದಿಯಲ್ಲಿ ನೀರು ರಭಸ, ಅಲ್ಲಿ ದಡ ಕೊರೆದು ಮಡುವಾಗುತ್ತದೆ. ಈ ದಡದ ತಲಕಾಡಿಗೆ ಮರಳು, ಎದುರು ದಡದ ಮಾಲಂಗಿಗೆ ಮಡು.

ಊರಿನ ಹತ್ತಿರವೇ ಮಾಧವಮಂತ್ರಿ ಅಣೆಕಟ್ಟೆ ಇದೆ. ವಿಜಯನಗರದ ಕಾಲದ್ದು. ನೀರು ನಾಲೆಗೆ ತಿರುಗಿದ ಮೇಲೆ ಹೊಳೆಯ ಪಾತ್ರದಲ್ಲಿ ಮರಳು ಜಾಸ್ತಿ ಬಯಲಾಯಿತು, ಅಲ್ಲಿಂದಲೇ ಊರಿನ ಕಷ್ಟ ಶುರುವಾಯಿತು ಎಂಬುದು ಕೆ. ಎನ್. ಗಣೇಶಯ್ಯ ಅವರಂಥ ಸಂಶೋಧಕರ ವಾದ. ನನಗೂ ಅದು ಒಪ್ಪುವ ಮಾತು ಅನ್ನಿಸುತ್ತದೆ.

ಇನ್ನು ಗಾಳಿ. ಆಷಾಢದ ಗಾಳಿ ನಿಮಗೂ ಗೊತ್ತು, ಚನ್ನಪಟ್ಟಣದವರು. ಮಳೆ ನಾಲ್ಕು ಹನಿ, ಗಾಳಿ ಮಾತ್ರ ದಿನವಿಡೀ. ಮೈಸೂರು ಸೀಮೆಯಲ್ಲಿ ಒಳ್ಳೆಯ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ಗೆ. ಅದಕ್ಕೂ ಮುಂಚೆ ನೈಋತ್ಯದಿಂದ ಬರುವ ಗಾಳಿಗೆ ಒಣ ಮರಳು ಸಿಕ್ಕಿದರೆ ಅದು ಎದ್ದು ಊರಿನ ಕಡೆ ಹೊರಡುತ್ತದೆ. ಹತ್ತೊಂಬತ್ತನೇ ಶತಮಾನದ ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್‌ನಲ್ಲಿ ಇದರ ಲೆಕ್ಕ ಇದೆ. ಮರಳುಗುಡ್ಡಗಳು ವರ್ಷಕ್ಕೆ 9-10 ಅಡಿ ಊರಿನೊಳಕ್ಕೆ ಬರುತ್ತಿದ್ದವು, ಅದೂ ಮುಖ್ಯವಾಗಿ ನೈಋತ್ಯ ಮುಂಗಾರಿನ ಕಾಲದಲ್ಲಿ. ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿಯುತ್ತಿದ್ದರು. ಮೂವತ್ತಕ್ಕೂ ಹೆಚ್ಚು ದೇವಸ್ಥಾನಗಳು ಮರಳಿನಡಿ ಇವೆಯಂತೆ ಎಂದೂ ಅದರಲ್ಲಿ ಬರೆದಿದೆ. ನೀವು ಪಾತಾಳೇಶ್ವರನನ್ನು ನೋಡಲು ಮೆಟ್ಟಿಲು ಇಳಿದು ಹೋದಿರಲ್ಲ, ಆ ಮೆಟ್ಟಿಲುಗಳ ಎತ್ತರ ಗಾಳಿ ಹೊತ್ತು ತಂದ ಮರಳಿನ ಎತ್ತರ.

ಈಗ ನಿಮ್ಮ ಕಡ್ಡಿ ಮರದ ಪ್ರಶ್ನೆಗೆ ಬರುತ್ತೇನೆ. ಇದು ನನಗೆ ತುಂಬಾ ಇಷ್ಟದ ವಿಷಯ.

ಮರಳು ದೂಳಿನ ಹಾಗೆ ಆಕಾಶಕ್ಕೆ ಏರುವುದಿಲ್ಲ. ಕಾಲು ಮಿಲಿಮೀಟರಿನಷ್ಟು ದಪ್ಪದ ಕಾಳು ಅದು, ಭಾರ ಇದೆ. ಗಾಳಿಗೆ ಎದ್ದು ಒಂದು ನೆಗೆತ ನೆಗೆದು ಬೀಳುತ್ತದೆ. ಬಿದ್ದ ಏಟಿಗೆ ಇನ್ನೆರಡು ಕಾಳು ಏಳುತ್ತವೆ. ಹೀಗೆ ಕುಪ್ಪಳಿಸುತ್ತಾ ಸಾಗುವ ಮರಳಿನಲ್ಲಿ ಬಹುಪಾಲು ನಮ್ಮ ಮೊಣಕಾಲಿನ ಕೆಳಗೇ ಇರುತ್ತದೆ. ಪಾದದ ಮಟ್ಟದಲ್ಲಿ ಅತಿ ಜಾಸ್ತಿ. ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ ಈಜಿಪ್ಟ್, ಲಿಬಿಯಾದ ಮರುಭೂಮಿಗಳಲ್ಲಿ ಓಡಾಡಿ, ಆಮೇಲೆ ಗಾಳಿ ಸುರಂಗ ಕಟ್ಟಿ ಇದನ್ನೆಲ್ಲ ಅಳೆದರು. 1941ರಲ್ಲಿ ಪ್ರಕಟವಾದ ಅವರ ಲೆಕ್ಕಗಳು ಇವತ್ತಿಗೂ ಬಳಕೆಯಲ್ಲಿವೆ. ಅದರಲ್ಲಿ ಮುಖ್ಯವಾದದ್ದು ಇದು: ಸಾಗುವ ಮರಳಿನ ಪ್ರಮಾಣ ಗಾಳಿಯ ವೇಗದ ಘನಕ್ಕೆ ತಕ್ಕ ಹಾಗೆ ಏರುತ್ತದೆ. ವೇಗ ಎರಡು ಪಟ್ಟಾದರೆ ಮರಳು ಸುಮಾರು ಎಂಟು ಪಟ್ಟು. ಇದನ್ನೇ ತಿರುಗಿಸಿ ನೋಡಿ. ನೆಲದ ಹತ್ತಿರ ಗಾಳಿಯ ವೇಗವನ್ನು ಅರ್ಧ ಮಾಡಿದರೆ ಸಾಕು, ಮರಳು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇನ್ನೂ ಸ್ವಲ್ಪ ಇಳಿಸಿದರೆ ಕಾಳು ಏಳುವುದೇ ಇಲ್ಲ.

ಅಂದರೆ ಮರ ಗಾಳಿಯನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ, ನಿಧಾನ ಮಾಡಿದರೆ ಸಾಕು. ನಾನು ವಿದ್ಯಾರ್ಥಿಗಳನ್ನು ಹೊಳೆದಂಡೆಗೆ ಕರೆದುಕೊಂಡು ಹೋದಾಗ ಬಿದಿರುಗಳುವಿಗೆ ಹಳೇ ಸೀರೆಯ ಪಟ್ಟಿಗಳನ್ನು ಕಟ್ಟಿಸುತ್ತಿದ್ದೆ. ಪಾದದ ಮಟ್ಟಕ್ಕೆ ಒಂದು, ಮೊಣಕಾಲಿಗೆ ಒಂದು, ತಲೆ ಎತ್ತರಕ್ಕೆ ಒಂದು. ಬರಿ ಮರಳಿನ ಮೇಲೆ ಮೂರೂ ಪಟಪಟ ಹೊಡೆದುಕೊಳ್ಳುತ್ತಿದ್ದವು. ಅದೇ ಗಳುವನ್ನು ಹುಲ್ಲಿನ ನಡುವೆ ನೆಟ್ಟರೆ ತಲೆಯ ಹತ್ತಿರದ ಪಟ್ಟಿ ಹಾರುತ್ತಲೇ ಇತ್ತು, ಪಾದದ ಹತ್ತಿರದ್ದು ಜೋತುಬಿದ್ದಿತ್ತು. ಗಿಡ ಮಾಡುವ ಕೆಲಸ ಅಷ್ಟೇ. ಗಾಳಿಯನ್ನು ನೆಲದಿಂದ ಒಂದು ಮೊಳ ಮೇಲಕ್ಕೆ ಎತ್ತಿಬಿಡುತ್ತದೆ.

ತಲಕಾಡಿನ ಮರಗಳಲ್ಲಿ ಜನ ಗಮನಿಸದ ಒಂದು ವಿಷಯ ಇದೆ. ಕಾಂಡಕ್ಕಿಂತ ಉದುರಿದ ಕಸ ಜಾಸ್ತಿ ಕೆಲಸ ಮಾಡುತ್ತದೆ. ಸರ್ವೆಯ ಸೂಜಿಯಂಥ ತರಗು, ನೀಲಗಿರಿಯ ಎಲೆ, ತೊಗಟೆ, ಇವು ಮರಳಿನ ಮೇಲೆ ಚಾಪೆಯ ಹಾಗೆ ಕೂತಿವೆ. ಚಾಪೆಯ ಅಡಿಯ ಕಾಳಿಗೆ ಗಾಳಿ ತಾಗುವುದೇ ಇಲ್ಲ. ನಡೆದಾಡುವ ದಾರಿಯಲ್ಲಿ ಮಾತ್ರ ಚಾಪೆ ಹರಿದು ಮರಳು ಬಾಯಿ ಬಿಟ್ಟಿದೆ. ಹಾಗಾಗಿ ಅಲ್ಲಿ ಹೋಗುವವರಿಗೆ ನನ್ನ ಕೋರಿಕೆ: ದಾರಿ ಬಿಟ್ಟು ದಿಬ್ಬ ಹತ್ತಿ ಜಾರಬೇಡಿ. ಮಕ್ಕಳಿಗೆ ಆಸೆಯಾಗುವುದು ನಿಜ. ಹೊಳೆಯ ಪಕ್ಕದ ಬಯಲು ಮರಳಿನಲ್ಲಿ ಆಡಲಿ.

ಇನ್ನೊಂದು ಮಾತು. ಗಿಡ ಇದ್ದರೆ ಸಾಕು ಅಂತಲೂ ಅಲ್ಲ. ಒಂಟಿ ಪೊದೆಯನ್ನು ಸುಮ್ನೆ ಸ್ವಲ್ಪ ಹೊತ್ತು ನೋಡಿ. ಬೆನ್ನ ಹಿಂದೆ ಬಾಲದ ಹಾಗೆ ಮರಳು ಕೂಡಿರುತ್ತದೆ, ಎಡಬಲದಲ್ಲಿ ಗುಂಡಿ ಬಿದ್ದಿರುತ್ತದೆ. ಪೊದೆಯನ್ನು ಸುತ್ತಿ ಹೋಗುವಾಗ ಗಾಳಿ ಇಕ್ಕೆಲಗಳಲ್ಲಿ ಇನ್ನೂ ಜೋರಾಗುತ್ತದೆ, ಅದಕ್ಕೆ. ಗಿಡಗಳು ದೂರ ದೂರ ಇದ್ದರೆ ಒಂದರ ಆಸರೆ ಇನ್ನೊಂದಕ್ಕೆ ಸಿಗುವುದಿಲ್ಲ. ನೆಲದ ಮೂರರಲ್ಲಿ ಒಂದು ಪಾಲು ಹಸಿರಿನಿಂದ ಮುಚ್ಚಿದರೆ ಮರಳಿನ ಓಡಾಟ ಹೆಚ್ಚುಕಡಿಮೆ ನಿಂತಂತೆಯೇ.

ಪ್ರಶ್ನೆ: ನಮ್ಮ ಪುಸ್ತಕದಲ್ಲಿ ಎರಡು ಅರ್ಧಚಂದ್ರಾಕಾರದ ದಿಬ್ಬಗಳ ಚಿತ್ರ ಇದೆ. ಒಂದು ಬರ್ಖಾನ್, ಇನ್ನೊಂದು ಪ್ಯಾರಾಬೋಲಿಕ್. ಗಾಳಿಯ ಬಾಣದ ಗುರುತು ಎರಡರಲ್ಲೂ ಒಂದೇ ಕಡೆಗಿದೆ. ಆದರೆ ದಿಬ್ಬಗಳ ಕೊಂಬು ಒಂದಕ್ಕೊಂದು ತಿರುಗುಮುರುಗು. ಮುದ್ರಣದ ತಪ್ಪಾ?
— ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ತಪ್ಪಲ್ಲಪ್ಪ, ಚಿತ್ರ ಸರಿಯಾಗಿದೆ. ಇಷ್ಟು ಗಮನವಿಟ್ಟು ನೋಡಿದ್ದೀಯಲ್ಲ, ನನಗೆ ನಿಜಕ್ಕೂ ಸಂತೋಷವಾಯಿತು.

ಮೊದಲು ಬರ್ಖಾನ್. ಅಲ್ಲಿ ಗಿಡ ಇಲ್ಲ, ಬರಿ ಮರಳು. ಗಾಳಿ ಮರಳನ್ನು ದಿಬ್ಬದ ಹಿಂದಿನ ಇಳಿಜಾರಿನ ಮೇಲೆ ಹತ್ತಿಸಿ, ನೆತ್ತಿಯಿಂದ ಆಚೆಗೆ ಸುರಿಯುತ್ತದೆ. ಆಚೆ ಬದಿ ಕಡಿದಾಗಿರುತ್ತದೆ, ಸುಮಾರು 33 ಡಿಗ್ರಿ. ಒಣ ಮರಳು ಅದಕ್ಕಿಂತ ಕಡಿದಾಗಿ ನಿಲ್ಲಲಾರದು, ಜಾರುತ್ತದೆ. ಹೀಗೆ ಹಿಂದಿನಿಂದ ತೆಗೆದು ಮುಂದೆ ಹಾಕುತ್ತಾ ದಿಬ್ಬವೇ ನಡೆಯುತ್ತದೆ. ದಿಬ್ಬದ ನಡುಭಾಗ ಎತ್ತರ, ಅಲ್ಲಿ ಸಾಗಿಸಬೇಕಾದ ಮರಳು ಜಾಸ್ತಿ, ಆದ್ದರಿಂದ ನಿಧಾನ. ಅಂಚುಗಳು ತೆಳು, ಬೇಗ ಸಾಗುತ್ತವೆ. ಅಂಚು ಮುಂದೆ ಓಡಿ ಕೊಂಬಾಗುತ್ತದೆ. ಹಾಗಾಗಿ ಬರ್ಖಾನಿನ ಕೊಂಬು ಗಾಳಿ ಹೋಗುವ ದಿಕ್ಕಿಗೆ ಚಾಚಿರುತ್ತದೆ.

ಈಗ ಅದೇ ದಿಬ್ಬದ ಮೇಲೆ ನಾಲ್ಕು ಮಳೆ ಬಿದ್ದು ಹುಲ್ಲು ಮೊಳೆಯಿತು ಅಂದುಕೋ. ನಡುಭಾಗದಲ್ಲಿ ಮರಳಿನ ಓಡಾಟ ಜೋರು. ಸಸಿಯನ್ನು ಹೂತುಹಾಕುತ್ತದೆ, ಇಲ್ಲವೇ ಬೇರು ಬಯಲು ಮಾಡುತ್ತದೆ. ಅಲ್ಲಿ ಹುಲ್ಲು ಉಳಿಯುವುದಿಲ್ಲ. ಅಂಚಿನಲ್ಲಿ ಮರಳು ತೆಳು, ಏರುಪೇರು ಕಡಿಮೆ, ಹುಲ್ಲು ಬದುಕುತ್ತದೆ. ಬದುಕಿದ ಹುಲ್ಲು ಅಂಚನ್ನು ಹಿಡಿದು ನಿಲ್ಲಿಸುತ್ತದೆ. ನಡುಭಾಗ ಮಾತ್ರ ಮುಂದೆ ಹೋಗುತ್ತದೆ, ತೋಳುಗಳು ಹಿಂದೆ ಉಳಿಯುತ್ತವೆ. ಅದೇ ಪ್ಯಾರಾಬೋಲಿಕ್ ದಿಬ್ಬ. ಅದರ ತೋಳು ಗಾಳಿ ಬರುವ ದಿಕ್ಕಿಗಿದೆ.

ಕಾರಣ ಎರಡಕ್ಕೂ ಒಂದೇ ನೋಡು: ಅಂಚು ತೆಳು. ಗಿಡ ಇಲ್ಲದಿದ್ದರೆ ತೆಳುವಾದದ್ದು ಮುಂದೆ ಓಡುತ್ತದೆ. ಗಿಡ ಬಂದರೆ ತೆಳುವಾದದ್ದೇ ಮೊದಲು ಸೆರೆ ಸಿಗುತ್ತದೆ. ಒರೆನ್ಸಿಯೋ ಡುರಾನ್, ಹಾನ್ಸ್ ಹೆರ್ಮನ್ ಎಂಬಿಬ್ಬರು ವಿಜ್ಞಾನಿಗಳು 2006ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದರು. ಬರ್ಖಾನಿನ ಲೆಕ್ಕಕ್ಕೆ ಗಿಡ ಬೆಳೆಯುವ ವೇಗವನ್ನೂ ಸೇರಿಸಿದರು. ದಿಬ್ಬ ತಾನಾಗಿಯೇ ಮಗುಚಿಕೊಂಡು ಪ್ಯಾರಾಬೋಲಿಕ್ ಆಯಿತು. ಗಿಡದ ಬೆಳವಣಿಗೆ ಗೆಲ್ಲುತ್ತದೋ, ಮರಳಿನ ಓಟ ಗೆಲ್ಲುತ್ತದೋ ಎಂಬುದರ ಮೇಲೆ ಆಕಾರ ನಿಂತಿದೆ.

ನಮ್ಮ ಥಾರ್ ಮರುಭೂಮಿಯಲ್ಲಿ ಪ್ಯಾರಾಬೋಲಿಕ್ ದಿಬ್ಬಗಳು ವಿಪರೀತ. ಉಪಗ್ರಹ ಚಿತ್ರ ತೆಗೆದು ಜೋಧಪುರ, ಬಾಡಮೇರ್ ಕಡೆ ಹುಡುಕು. ತೋಳುಗಳು ನೈಋತ್ಯಕ್ಕೆ, ಮೂತಿ ಈಶಾನ್ಯಕ್ಕೆ. ತಲಕಾಡಿನ ಮೇಲೆ ಬೀಸುವ ಅದೇ ನೈಋತ್ಯ ಮುಂಗಾರಿನ ಗಾಳಿ ಅಲ್ಲಿಯೂ ಬೀಸುತ್ತದೆ. ತೀರ ಪಶ್ಚಿಮಕ್ಕೆ, ಜೈಸಲ್ಮೇರ್ ಆಚೆಗೆ ಮಳೆ ಇನ್ನೂ ಕಡಿಮೆ, ಗಿಡವೂ ಕಡಿಮೆ. ಅಲ್ಲಿ ಬರ್ಖಾನ್ ಜಾತಿಯ ದಿಬ್ಬಗಳು ಸಿಗುತ್ತವೆ.

ಪ್ರಶ್ನೆ: ನಮ್ಮೂರ ಕಡಲತೀರವನ್ನು ಪ್ರವಾಸಿಗರಿಗಾಗಿ ‘ಸ್ವಚ್ಛ’ ಮಾಡುತ್ತಿದ್ದಾರೆ. ಮರಳಿನ ಮೇಲೆ ಹಬ್ಬಿದ ಬಳ್ಳಿಯನ್ನೆಲ್ಲ ಕಿತ್ತು, ದಿಬ್ಬ ಸಮ ಮಾಡಿ, ಗಾಳಿ ಮರದ ಸಸಿ ನೆಡುವ ಯೋಚನೆ ಇದೆ. ಮರ ಬಂದರೆ ಒಳ್ಳೇದೇ ಅಲ್ವಾ?
— ಮೀನುಗಾರಿಕೆ ಸಹಕಾರ ಸಂಘದ ಸದಸ್ಯ, ಕುಮಟಾ ತಾಲ್ಲೂಕು

ಉತ್ತರ: ದಯವಿಟ್ಟು ಬಳ್ಳಿ ಕೀಳುವುದನ್ನು ನಿಲ್ಲಿಸಲು ಹೇಳಿ. ಈ ಪತ್ರ ಓದಿ ನನಗೆ ಸಂಕಟವಾಯಿತು.

ಮೇಕೆ ಗೊರಸಿನ ಹಾಗೆ ಸೀಳಿದ ಎಲೆ, ನೇರಳೆ ಹೂವು, ಅದೇ ಅಲ್ವಾ ನೀವು ಹೇಳುವ ಬಳ್ಳಿ? ಬಂಗಡೆ ಬಳ್ಳಿ ಅನ್ನುತ್ತಾರೆ. ಅದರ ಜೊತೆಗೆ ಮುಳ್ಳುಮುಳ್ಳಾದ ಒರಟು ಹುಲ್ಲೂ ಇರಬೇಕು, ರಾವಣನ ಮೀಸೆ. ಅದರ ಹೆಣ್ಣು ಗಿಡದ ತೆನೆ ಮುಳ್ಳಿನ ಉಂಡೆಯ ಹಾಗಿದ್ದು, ಕಳಚಿಕೊಂಡು ಗಾಳಿಗೆ ಮರಳಿನ ಮೇಲೆ ಉರುಳುತ್ತಾ ಹೋಗಿ ಬೀಜ ಬಿತ್ತುತ್ತದೆ. ನಿಮ್ಮ ತೀರದ ದಿಬ್ಬವನ್ನು ಕಟ್ಟಿದ್ದು ಇವೇ.

ಕಟ್ಟುವ ರೀತಿ ಹೀಗೆ. ನಿಮ್ಮ ಕಡೆ ಮಳೆಗಾಲದ ಗಾಳಿ ಜೋರಿದ್ದರೂ ಮರಳು ನೆನೆದಿರುತ್ತದೆ. ನೆನೆದ ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಏಳುವುದಿಲ್ಲ. ಮರಳು ಸಾಗುವುದು ಬೇಸಿಗೆಯಲ್ಲಿ, ಮಧ್ಯಾಹ್ನದ ಕಡಲ ಗಾಳಿಗೆ. ಕಡಲು ದಡಕ್ಕೆ ತಂದು ಹಾಕಿದ ಮರಳು ಒಣಗಿ, ಕುಪ್ಪಳಿಸುತ್ತಾ ಮೇಲಕ್ಕೆ ಬಂದು, ಬಳ್ಳಿಯ ಎಲೆಗಳ ನಡುವೆ ಸಿಕ್ಕಿಬೀಳುತ್ತದೆ. ಬೇರೆ ಗಿಡವಾದರೆ ಹೂತು ಸಾಯುತ್ತಿತ್ತು. ಈ ಬಳ್ಳಿ ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ, ಹೂತಷ್ಟೂ ಮೇಲೆ ಬರುತ್ತದೆ. ಮರಳು ಮತ್ತೆ ಕೂರುತ್ತದೆ, ಬಳ್ಳಿ ಮತ್ತೆ ಏರುತ್ತದೆ. ಮಳೆಗಾಲದ ದೊಡ್ಡ ಅಲೆ ಬಂದಾಗ ಕಡಲು ಮೊದಲು ತಿನ್ನುವುದು ಈ ದಿಬ್ಬವನ್ನು, ನಿಮ್ಮ ಮನೆಯನ್ನಲ್ಲ. ಬೇಸಿಗೆಯಲ್ಲಿ ಬಳ್ಳಿ ಅದನ್ನು ಮತ್ತೆ ತುಂಬಿಕೊಳ್ಳುತ್ತದೆ. ಖರ್ಚಿಲ್ಲದ ತಡೆಗೋಡೆ ಇದು.

ಯಾವ ಗಿಡ ಅನ್ನುವುದರ ಮೇಲೆ ದಿಬ್ಬದ ಆಕಾರವೂ ಬದಲಾಗುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಆರೆಗಾನ್ ಕಡೆ, ಹೊರಗಿನಿಂದ ತಂದ ಎರಡು ಜಾತಿಯ ಹುಲ್ಲು ಇವೆ. ಯುರೋಪಿನ ಮ್ಯಾರಮ್ ಹುಲ್ಲು ಒತ್ತೊತ್ತಾಗಿ, ನೆಟ್ಟಗೆ ಬೆಳೆದು ಎತ್ತರದ ಕಡಿದಾದ ದಿಬ್ಬ ಕಟ್ಟಿತು. ಅಮೆರಿಕದ ಪೂರ್ವ ಕರಾವಳಿಯಿಂದ ಬಂದದ್ದು ಬೇಗ ಪಕ್ಕಕ್ಕೆ ಹಬ್ಬುವ ಜಾತಿ, ಅದು ತಗ್ಗಾದ ಅಗಲದ ದಿಬ್ಬ ಕಟ್ಟಿತು. ಮರಳು ಅದೇ, ಗಾಳಿ ಅದೇ.

ಇನ್ನು ಗಾಳಿ ಮರ, ಅಂದರೆ ಮೇಲೆ ಹೇಳಿದ ಸರ್ವೆಯೇ. ನಿಮ್ಮ ಜಿಲ್ಲೆಗೆ ಅದು ಹೊಸದಲ್ಲ, 1868ರಲ್ಲೇ ಕಾರವಾರದಲ್ಲಿ ನೆಟ್ಟಿದ್ದಾರೆ. ಸೌದೆಗೆ, ಕಂಬಕ್ಕೆ ಬೇಕು, ತೋಟಕ್ಕೆ ಗಾಳಿತಡೆಯಾಗಿಯೂ ಒಳ್ಳೆಯದು. ಆದರೆ ಅದರ ಜಾಗ ದಿಬ್ಬದ ಹಿಂದೆ, ಊರಿನ ಕಡೆಗೆ. ಅಲೆ ತಲುಪುವ ಅಂಚಿನಲ್ಲಿ ನೆಟ್ಟರೆ ಅದರ ತರಗಿನಡಿ ಬಳ್ಳಿ, ಹುಲ್ಲು ಹಬ್ಬುವುದಿಲ್ಲ. ದೊಡ್ಡ ಅಲೆಗೆ ಮರಳು ಕೊಚ್ಚಿ ಹೋದಾಗ ಮರ ಬೇರು ಸಮೇತ ಮಗುಚುತ್ತದೆ. ಕಡಲಾಮೆ ಮೊಟ್ಟೆ ಇಡಲು ಬರುವ ತೀರವಾದರೆ ಅದಕ್ಕೆ ಬಯಲು ಮರಳೂ ಬೇಕು.

ನಿಮ್ಮ ಸಂಘದ ಸಭೆಯಲ್ಲಿ ಒಂದು ಹಳೇ ಸಂಗತಿ ಹೇಳಿ. ಸ್ಕಾಟ್ಲೆಂಡಿನ ಕಲ್ಬಿನ್ ಎಂಬಲ್ಲಿ 1694ರಲ್ಲಿ ಬಿರುಗಾಳಿಗೆ ಮರಳು ಎದ್ದು ಹೊಲ ಮನೆಗಳನ್ನು ಮುಚ್ಚಿತು. ಜನ ಮನೆಯ ಚಾವಣಿಗೆ ಹೊದಿಸಲು ದಿಬ್ಬದ ಮ್ಯಾರಮ್ ಹುಲ್ಲನ್ನು ಕಿತ್ತು ಒಯ್ಯುತ್ತಿದ್ದರು. ಮರುವರ್ಷವೇ, 1695ರಲ್ಲಿ, ದಿಬ್ಬದ ಹುಲ್ಲು ಕೀಳಬಾರದು ಅಂತ ಸ್ಕಾಟ್ಲೆಂಡಿನ ಸಂಸತ್ತು ಕಾಯ್ದೆ ಮಾಡಿತು. ಮುನ್ನೂರು ವರ್ಷದ ಹಿಂದಿನವರಿಗೆ ಗೊತ್ತಾದದ್ದು ನಮಗೆ ಗೊತ್ತಾಗಬಾರದೇ? ಪ್ಲಾಸ್ಟಿಕ್ ಹೆಕ್ಕಲಿ, ಬಾಟಲಿ ಹೆಕ್ಕಲಿ. ಬಳ್ಳಿ ಕಸ ಅಲ್ಲ. ಕಡಲಿಗೆ ಇಳಿಯಲು ಒಂದೆರಡು ಕಡೆ ಮರದ ಹಲಗೆಯ ದಾರಿ ಮಾಡಿಸಿ. ದಾರಿಯನ್ನು ಸ್ವಲ್ಪ ಓರೆಯಾಗಿ ಇಡಿಸಿ. ಗಾಳಿಗೆ ನೇರವಾಗಿ ದಾರಿ ಕೊರೆದರೆ ಗಾಳಿ ಅಲ್ಲಿಂದಲೇ ನುಗ್ಗಿ ದಿಬ್ಬವನ್ನು ಸೀಳುತ್ತದೆ.

ಪ್ರಶ್ನೆ: ಜೈಸಲ್ಮೇರಿನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿ ಮರಳುದಿಬ್ಬದ ಮೇಲೆ ಒಣಗಿದ ಪೊದೆಗಳನ್ನು ಸಾಲಾಗಿ ಹೂಳುತ್ತಾರೆ. ಸತ್ತ ಗಿಡದಿಂದ ಏನು ಪ್ರಯೋಜನ?
— ಕನ್ನಡಿಗ ಎಂಜಿನಿಯರ್, ರಾಜಸ್ಥಾನ

ಉತ್ತರ: ಅದು ಜೋಧಪುರದ ಕೇಂದ್ರೀಯ ಒಣವಲಯ ಸಂಶೋಧನಾ ಸಂಸ್ಥೆ, ನಿಮ್ಮ ಕಡೆ ಕಾಜ್ರಿ ಅನ್ನುತ್ತಾರಲ್ಲ, ಅವರು ಬೆಳೆಸಿದ ಪದ್ಧತಿ. ಖೀಂಪ್, ಸಿಣಿಯಾದಂಥ ಅಲ್ಲಿಯದೇ ಪೊದೆಗಳನ್ನು ಕಡಿದು, ಗಾಳಿಗೆ ಅಡ್ಡಲಾಗಿ ಸಾಲು ಸಾಲು ಹೂಳುತ್ತಾರೆ. ಗಾಳಿ ಜಾಸ್ತಿ ದಿಕ್ಕು ಬದಲಿಸುವ ಕಡೆ ಚೌಕ ಚೌಕವಾಗಿ ಹೂಳುತ್ತಾರೆ. ಚೀನಾದ ಶಾಪೊತೌನಲ್ಲಿ ಇದೇ ಕೆಲಸವನ್ನು ಹುಲ್ಲಿನಿಂದ ಮಾಡಿದ್ದಾರೆ. ಅಲ್ಲಿ ಬಾವೊತೌ-ಲಾನ್‌ಜೌ ರೈಲು ಹಳಿ ಮರಳಿನಲ್ಲಿ ಹೂತುಹೋಗದಂತೆ 1950ರ ದಶಕದಿಂದ ಒಂದೊಂದು ಮೀಟರ್ ಅಳತೆಯ ಒಣಹುಲ್ಲಿನ ಚೌಕಗಳನ್ನು ದಿಬ್ಬದ ತುಂಬ ನೆಟ್ಟರು.

ಒಣ ಪೊದೆ ಕೊಡುವುದು ಸಮಯ. ಮರಳು ಓಡುತ್ತಿರುವಾಗ ಯಾವ ಸಸಿಯೂ ನಿಲ್ಲದು. ಪೊದೆಯ ಸಾಲು ನೆಲಮಟ್ಟದ ಗಾಳಿಯನ್ನು ಒಂದೆರಡು ವರ್ಷ ತಡೆದರೆ ಅಷ್ಟರಲ್ಲಿ ಸೇವಣ ಹುಲ್ಲು, ಫೋಗ್ ಗಿಡ, ಇಸ್ರೇಲಿ ಬಾಬುಲ್ ಎಂಬ ಜಾಲಿ ಜಾತಿಯ ಮರ ಬೇರು ಇಳಿಸುತ್ತವೆ. ಆಮೇಲೆ ಪೊದೆ ಗೆದ್ದಲು ಹಿಡಿದು ಹೋದರೂ ಚಿಂತೆ ಇಲ್ಲ. ಸಾಲಿನ ಸಂದಿಯಲ್ಲಿ ಗಾಳಿ ಸ್ವಲ್ಪ ನುಸುಳಬೇಕು. ತಗಡಿನ ಗೋಡೆ ಹಾಕಿದರೆ ಗಾಳಿ ಅದರ ಮೇಲಿಂದ ಹಾರಿ ಹಿಂದೆ ಸುಳಿ ಎಬ್ಬಿಸುತ್ತದೆ. ಅರ್ಧ ಸಂದಿ, ಅರ್ಧ ಕಡ್ಡಿ ಇರುವ ಬೇಲಿಯೇ ಮರಳನ್ನು ಚೆನ್ನಾಗಿ ಹಿಡಿಯುತ್ತದೆ.

ಮರಳಿನಲ್ಲಿ ನೀರೇ ಇಲ್ಲ ಅಂದುಕೊಳ್ಳಬೇಡಿ. ಬಿದ್ದ ಮಳೆ ತಕ್ಷಣ ಒಳಗಿಳಿಯುತ್ತದೆ. ಮೇಲಿನ ಪದರ ಒಣಗಿ ಒಳಗಿನ ತೇವವನ್ನು ಆವಿಯಾಗದಂತೆ ಕಾಪಾಡುತ್ತದೆ. ಒಂದು ಮೊಳ ಅಗೆದು ನೋಡಿ, ಕೈಗೆ ತಂಪು ಸಿಗುತ್ತದೆ. ಮರುಭೂಮಿಯ ದಿಬ್ಬದಲ್ಲಿ ಗಿಡಕ್ಕೆ ದೊಡ್ಡ ಶತ್ರು ಎಷ್ಟೋ ಸಲ ನೀರಿನ ಕೊರತೆಗಿಂತ ಗಾಳಿಯೇ. ಹಾಗೇ, ಫೋಗ್ ಗಿಡದ ಬೇರನ್ನು ಸೌದೆಗೆಂದು ಅಗೆದು ಮಾರುವುದು ಕಂಡರೆ ಕೊಳ್ಳಬೇಡಿ. ಆ ಬೇರು ಹೋದ ಕಡೆ ದಿಬ್ಬ ಮತ್ತೆ ಹೊರಡುತ್ತದೆ.

ಪ್ರಶ್ನೆ: ಹಾಗಾದರೆ ಪ್ರಪಂಚದ ಎಲ್ಲ ಮರಳುದಿಬ್ಬಕ್ಕೂ ಗಿಡ ಹಾಕಿಬಿಡಬಹುದಲ್ಲ?
— ಓದುಗ, ಶಿರಾ

ಉತ್ತರ: ಬೇಡ. ಬ್ರಿಟನ್ನಿನ ವೇಲ್ಸ್‌ನಲ್ಲಿ ಕೆನ್‌ಫಿಗ್ ಅಂತ ಒಂದು ಜಾಗ ಇದೆ. ಮಧ್ಯಯುಗದಲ್ಲಿ ಅಲ್ಲೊಂದು ಪಟ್ಟಣ ಇತ್ತು, ನಮ್ಮ ತಲಕಾಡಿನಂತೆ ಮರಳಿನಡಿ ಹೋಯಿತು. ಈಗ ಅಲ್ಲಿ ಸಮಸ್ಯೆ ತಿರುಗಿದೆ. ದಿಬ್ಬಗಳ ಮೇಲೆ ಹುಲ್ಲು, ಪೊದೆ ವಿಪರೀತ ಬೆಳೆದು ಬರಿ ಮರಳೇ ಸಿಗದಂತಾಯಿತು. ಬರಿ ಮರಳಿನ ತೇವದ ತಗ್ಗುಗಳಲ್ಲಿ ಬೆಳೆಯುವ ಒಂದು ಅಪರೂಪದ ಸೀತಾಳೆ (ಆರ್ಕಿಡ್) ಜಾತಿ ಕಡಿಮೆಯಾಗುತ್ತಾ ಬಂತು. ಹಾಗಾಗಿ ಅಲ್ಲಿ ಯಂತ್ರ ತಂದು ಕೆಲವು ಕಡೆ ಹುಲ್ಲಿನ ಪದರವನ್ನೇ ಕೆತ್ತಿ ತೆಗೆದಿದ್ದಾರೆ, ಗಾಳಿ ಮತ್ತೆ ಆಡಲಿ ಅಂತ. ಊರು, ಹೊಲ, ರೈಲು ಹಳಿಗೆ ಅಪಾಯ ಇರುವ ಕಡೆ ದಿಬ್ಬವನ್ನು ಹಿಡಿದು ನಿಲ್ಲಿಸಬೇಕು. ಉಳಿದ ಕಡೆ ಓಡಾಡಲು ಬಿಡಬೇಕು.

ಪ್ರಶ್ನೆ: ಎಂಟನೇ ತರಗತಿಯ ಮಕ್ಕಳಿಂದ ಮಾಡಿಸಬಹುದಾದ ಒಂದು ಪ್ರಯೋಗ ಹೇಳಿ.
— ವಿಜ್ಞಾನ ಶಿಕ್ಷಕಿ, ಕುಂದಾಪುರ

ಉತ್ತರ: ಖಾಲಿ ನೀರಿನ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ತಳದ ಕಡೆ ಗಾಳಿಗೆ ಎದುರಾಗಿರುವಂತೆ ಒಂದನ್ನು ನೆಲಕ್ಕೆ ಒತ್ತಿ ಮಲಗಿಸಿ, ಇನ್ನೊಂದನ್ನು ಕೋಲಿಗೆ ಮೊಣಕಾಲೆತ್ತರಕ್ಕೆ ಕಟ್ಟಿ. ಇಂಥದೇ ಒಂದು ಜೊತೆ ಬರಿ ಮರಳಿನಲ್ಲಿ, ಒಂದು ಜೊತೆ ಬಳ್ಳಿಯ ನಡುವೆ, ಒಂದು ಜೊತೆ ಬಳ್ಳಿಯ ಹಿಂದೆ. ಮಾರ್ಚ್ ತಿಂಗಳ ಒಣ ಮಧ್ಯಾಹ್ನ, ಕಡಲ ಗಾಳಿ ಏಳುವ ಹೊತ್ತಿಗೆ ಇಟ್ಟು ಒಂದು ಗಂಟೆ ಬಿಡಿ. ಸಿಕ್ಕ ಮರಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕದ ಜೊತೆ ದಿನಾಂಕ, ಗಾಳಿಯ ದಿಕ್ಕು, ಹಿಂದಿನ ದಿನ ಮಳೆ ಬಂದಿತ್ತೇ ಎಂಬುದನ್ನೂ ಬರೆದು ಈ ಅಂಕಣಕ್ಕೆ ಕಳಿಸಿ. ಮಕ್ಕಳ ಅಂಕಿಗಳನ್ನು ಇಲ್ಲಿಯೇ ಪ್ರಕಟಿಸೋಣ.